ಚಾಟ್‌ನಲ್ಲಿ ಒಪ್ಪಿಕೊಂಡ ಕೆಲಸ ಯಾರ ಹೆಸರಿನಲ್ಲಿದೆ?

2013ರ ನವೆಂಬರ್ 30ರ ಶನಿವಾರ ಬೆಂಗಳೂರಿನ ಒಂದು ತಂಡ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿತು. ಅಮೆರಿಕದ ಟಾರ್ಗೆಟ್ ಎಂಬ ಭಾರಿ ಚಿಲ್ಲರೆ ಮಾರಾಟ ಕಂಪನಿಯ ಕಂಪ್ಯೂಟರ್ ಜಾಲವನ್ನು ಹಗಲೂ ರಾತ್ರಿ ಕಾಯುವುದು ಆ ತಂಡದ ಹೊಣೆ. ಜಾಲದೊಳಗೆ ಕಳ್ಳ ಪ್ರೋಗ್ರಾಂ ನುಸುಳಿರುವುದನ್ನು ಫೈರ್‌ಐ ಎಂಬ ಭದ್ರತಾ ತಂತ್ರಾಂಶ ಅಂದು ಪತ್ತೆ ಹಚ್ಚಿತು. ಬೆಂಗಳೂರಿನವರು ಅದನ್ನು ಗಮನಿಸಿ ಮಿನಿಯಾಪೊಲಿಸ್‌ನ ಭದ್ರತಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಮುಂದಕ್ಕೆ ಏನೂ ಆಗಲಿಲ್ಲ. ಡಿಸೆಂಬರ್ 2ರಂದು ಇನ್ನೊಂದು ಎಚ್ಚರಿಕೆ ಬಂತು, ಆಗಲೂ ಏನೂ ಆಗಲಿಲ್ಲ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯಾಂಗ ಇಲಾಖೆಯೇ ಬಂದು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ಸುಮಾರು 4 ಕೋಟಿ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್‌ಗಳ ವಿವರ ಕಳ್ಳರ ಕೈಸೇರಿತ್ತು. 7 ಕೋಟಿ ಗ್ರಾಹಕರ ವಿಳಾಸ, ಫೋನ್ ನಂಬರುಗಳೂ ಹೋಗಿದ್ದವು ಎಂಬುದು ಆಮೇಲೆ ತಿಳಿಯಿತು. ಮರುವರ್ಷ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಈ ಕಥೆಯನ್ನು ಹೊರಗೆಡವಿದಾಗ ಕಂಪನಿ ಕೊಟ್ಟ ಉತ್ತರ ಇಷ್ಟು: ಎಚ್ಚರಿಕೆ ಬಂದದ್ದು ನಿಜ, ಅದನ್ನು ಪರಿಶೀಲಿಸಲಾಗಿತ್ತು, ತಕ್ಷಣದ ಕ್ರಮ ಬೇಕಿಲ್ಲ ಎಂದು ತೀರ್ಮಾನಿಸಲಾಗಿತ್ತು. ಆ ತಿಂಗಳಲ್ಲೇ ಕಂಪನಿಯ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥೆ, ಮೇ ತಿಂಗಳಲ್ಲಿ ಸಿಇಒ ರಾಜೀನಾಮೆ ಕೊಟ್ಟರು.

ಈ ಪ್ರಕರಣವನ್ನು ಸೈಬರ್ ಭದ್ರತೆಯ ಪಾಠವಾಗಿ ಎಲ್ಲೆಡೆ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಕಚೇರಿ ಕೆಲಸದ ಒಂದು ಮೂಲಭೂತ ತೊಡಕು. ಸುದ್ದಿ ಮುಟ್ಟಿತ್ತು, ಕೆಲಸ ಹುಟ್ಟಲಿಲ್ಲ. ಸಂದೇಶ ತಲುಪುವುದಕ್ಕೂ, ಒಬ್ಬರ ಹೆಸರಿನಲ್ಲಿ, ಒಂದು ಗಡುವಿನೊಂದಿಗೆ, ಮುಗಿಯುವ ತನಕ ಬಾಕಿ ಎಂದೇ ಕಾಣಿಸುವ ಕೆಲಸವಾಗಿ ಅದು ನಿಲ್ಲುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಸಾವಿರಾರು ಕಚೇರಿಗಳಲ್ಲಿ ಮಾತು ನಡೆಯುವುದು ಸ್ಲ್ಯಾಕ್, ಟೀಮ್ಸ್, ಗೂಗಲ್ ಚಾಟ್ ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ. ಕೆಲಸದ ಲೆಕ್ಕ ಇರುವುದು ಜಿರಾ, ಟ್ರೆಲೋ, ಅಸಾನಾ, ಜೋಹೋ ಪ್ರಾಜೆಕ್ಟ್ಸ್‌ನಂಥ ಇನ್ನೊಂದು ತಂತ್ರಾಂಶದಲ್ಲಿ. ಇವೆರಡನ್ನೂ ಜೋಡಿಸಿಬಿಟ್ಟರೆ ಕೆಲಸ ಸಲೀಸಾಗುತ್ತದೆ ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಜೋಡಿಸಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ನಮ್ಮಲ್ಲಿ ಬಹುತೇಕ ಕಡೆ ಈ ಜೋಡಣೆ ತಲೆಕೆಳಗಾಗಿ ನಡೆದಿದೆ. ಕೆಲಸದ ತಂತ್ರಾಂಶದಲ್ಲಿ ಆಗುವ ಪ್ರತಿಯೊಂದು ಅಲುಗಾಟವನ್ನೂ ಚಾಟ್‌ಗೆ ಸುರಿಯುತ್ತೇವೆ. ಚಾಟ್‌ನಲ್ಲಿ ಆದ ತೀರ್ಮಾನವನ್ನು ಕೆಲಸದ ಪಟ್ಟಿಗೆ ಒಯ್ಯುವುದನ್ನು ಮಾತ್ರ ಯಾರದೋ ನೆನಪಿಗೆ ಬಿಡುತ್ತೇವೆ. ಆಗಬೇಕಾದದ್ದು ಇದರ ವಿರುದ್ಧ. ಮಾತಿನಿಂದ ದಾಖಲೆಯ ಕಡೆಗೆ ಹೋಗುವ ದಾರಿ ಅಗಲವಾಗಿರಬೇಕು, ದಾಖಲೆಯಿಂದ ಮಾತಿನ ಕಡೆಗೆ ಬರುವ ದಾರಿ ಕಿರಿದಾಗಿರಬೇಕು.

ಈ ಕಂದಕ ನಿತ್ಯ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಸಾಮಾನ್ಯ ಮಾದರಿ ಸಾಕು. ತಂಡದ ಚಾನೆಲ್‌ನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಒಬ್ಬರು ಬರೆಯುತ್ತಾರೆ: ‘ಪೇಮೆಂಟ್ ಪೇಜ್‌ನಲ್ಲಿ ಕೆಲವರಿಗೆ ಎರಡು ಸಲ ದುಡ್ಡು ಕಟ್ ಆಗ್ತಿದೆ ಅಂತ ಕಂಪ್ಲೇಂಟ್ ಇದೆ, ಯಾರಾದ್ರೂ ಸ್ವಲ್ಪ ನೋಡ್ತೀರಾ?’ ಮೂವರು ಹೆಬ್ಬೆರಳಿನ ಚಿತ್ರ ಒತ್ತುತ್ತಾರೆ. ಒಬ್ಬರು ‘ಹಾಂ, ನೋಡ್ತೀನಿ’ ಎನ್ನುತ್ತಾರೆ. ಇನ್ನೊಬ್ಬರು ‘ಇದು ಹಳೇ ಇಶ್ಯೂ ಇರಬಹುದು, ಹೋದ ರಿಲೀಸ್‌ನಲ್ಲಿ ಫಿಕ್ಸ್ ಆಗಿತ್ತಲ್ಲ’ ಎಂದು ಸೇರಿಸುತ್ತಾರೆ. ಆಮೇಲೆ ಯಾರೋ ಕ್ಲೈಂಟ್ ಕರೆಯ ಸಮಯ ಬದಲಾದದ್ದನ್ನು ಹಾಕುತ್ತಾರೆ, ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯಗಳ ಸಾಲು ಬರುತ್ತದೆ. ಸಂಜೆಯಾಗುವಷ್ಟರಲ್ಲಿ ಆ ದೂರು ಪರದೆಯ ಮೇಲುಗಡೆಗೆ ಸರಿದು ಕಣ್ಮರೆಯಾಗಿರುತ್ತದೆ. ಇಲ್ಲಿ ಯಾರೂ ಸೋಮಾರಿಗಳಲ್ಲ. ಹೆಬ್ಬೆರಳು ಒತ್ತಿದವರಲ್ಲಿ ಒಬ್ಬರ ಅರ್ಥ ‘ಓದಿದೆ’, ಇನ್ನೊಬ್ಬರದು ‘ಸರಿ, ಯಾರಾದರೂ ನೋಡಲಿ’, ಮೂರನೆಯವರದು ‘ನಾನು ನೋಡುತ್ತೇನೆ’. ‘ನೋಡ್ತೀನಿ’ ಎಂದವರು ಯಾವಾಗ ನೋಡುತ್ತಾರೆಂದು ಹೇಳಿಲ್ಲ, ಕೇಳಿದವರೂ ಇಲ್ಲ. ನಾಲ್ಕು ದಿನದ ಬಳಿಕ ಗ್ರಾಹಕರ ದೂರು ಮೇಲಿನವರ ತನಕ ಹೋದಾಗ ‘ನೀವು ನೋಡ್ತೀರಿ ಅಂದ್ಕೊಂಡಿದ್ದೆ’ ಎಂಬ ಮಾತು ಹೊರಡುತ್ತದೆ. ಆ ಹೊತ್ತಿಗೆ ಎರಡೆರಡು ಸಲ ಹಣ ಕಳೆದುಕೊಂಡವರ ಸಂಖ್ಯೆ ಬೆಳೆದಿರುತ್ತದೆ.

ಮಾತಿಗೂ ಲೆಕ್ಕಕ್ಕೂ ಬೇರೆ ಬೇರೆ ತಂತ್ರಾಂಶ ಯಾಕಿರಬೇಕು, ಒಂದೇ ಸಾಲದೇ ಎಂಬ ಪ್ರಶ್ನೆಗೆ ಈ ಉದ್ಯಮದ ಇತಿಹಾಸವೇ ಉತ್ತರ ಕೊಡುತ್ತದೆ. ಸಿಡ್ನಿಯ ಅಟ್ಲಾಸಿಯನ್ ಕಂಪನಿ 2002ರಲ್ಲಿ ಜಿರಾ ತಂದಿತು. ಅದು ದೋಷಗಳ ಪಟ್ಟಿ ಇಡುವ ಸಾಧನವಾಗಿ ಶುರುವಾದದ್ದು. ಹತ್ತು ವರ್ಷದ ಮೇಲೆ, 2012ರಲ್ಲಿ ಅದೇ ಕಂಪನಿ ಹಿಪ್‌ಚಾಟ್ ಎಂಬ ಚಾಟ್ ತಂತ್ರಾಂಶವನ್ನು ಕೊಂಡಿತು, 2017ರಲ್ಲಿ ಸ್ಟ್ರೈಡ್ ಎಂಬ ಹೊಸದನ್ನು ಕಟ್ಟಿತು. ಮಾತೂ ತನ್ನದೇ, ಲೆಕ್ಕವೂ ತನ್ನದೇ ಎನ್ನುವ ಅನುಕೂಲ ಅದಕ್ಕಿತ್ತು. ಆದರೂ 2018ರ ಜುಲೈನಲ್ಲಿ ಎರಡೂ ಚಾಟ್‌ಗಳನ್ನು ನಿಲ್ಲಿಸುವುದಾಗಿ ಘೋಷಿಸಿ ಅವುಗಳ ಹಕ್ಕನ್ನು ಪ್ರತಿಸ್ಪರ್ಧಿ ಸ್ಲ್ಯಾಕ್‌ಗೆ ಮಾರಿ, ಅದರೊಂದಿಗೆ ಪಾಲುದಾರಿಕೆ ಮಾಡಿಕೊಂಡಿತು. ಸ್ಲ್ಯಾಕ್ ಹುಟ್ಟಿದ್ದು ಬೇರೆಯದೇ ಬಗೆಯಲ್ಲಿ. ಗ್ಲಿಚ್ ಎಂಬ ಆನ್‌ಲೈನ್ ಆಟ ಕಟ್ಟುತ್ತಿದ್ದ ಟೈನಿ ಸ್ಪೆಕ್ ಎಂಬ ಸಣ್ಣ ಕಂಪನಿ ತನ್ನವರ ಮಾತುಕತೆಗೆಂದು ಮಾಡಿಕೊಂಡ ಸಾಧನ ಅದು. ಆಟ 2012ರಲ್ಲಿ ಮುಚ್ಚಿತು, ಮಾತಿನ ಸಾಧನ ಉಳಿಯಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರ್‌ಗೆ ಕೊಂಡಿತು. ಮಾರುಕಟ್ಟೆಯ ಏಟು, ಪೈಪೋಟಿ ಎಲ್ಲವೂ ಈ ಕಥೆಯಲ್ಲಿವೆ, ಒಪ್ಪುತ್ತೇನೆ. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಮಾತಿಗೆ ಬೇಕಾದ ಸಡಿಲತನವೂ ಲೆಕ್ಕಕ್ಕೆ ಬೇಕಾದ ಬಿಗಿಯೂ ಒಂದೇ ಪರದೆಯಲ್ಲಿ ಸುಲಭವಾಗಿ ಬಾಳುವುದಿಲ್ಲ. ಚಾಟ್‌ನಲ್ಲಿ ಅರ್ಧ ಯೋಚನೆಯನ್ನೂ ಹೇಳಬಹುದು, ಹೇಳಿದ್ದನ್ನು ಹಿಂತೆಗೆದುಕೊಳ್ಳಬಹುದು. ಕೆಲಸದ ಪಟ್ಟಿಯಲ್ಲಿ ಅರ್ಧ ಯೋಚನೆ ಕಸ. ಎರಡನ್ನೂ ಬೇರೆ ಇಟ್ಟು, ನಡುವೆ ಒಂದು ಸೇತುವೆ ಕಟ್ಟುವುದೇ ಸರಿಯಾದ ಮಾರ್ಗ. ಆ ಸೇತುವೆಯ ಮೇಲೆ ಏನು ದಾಟಬೇಕು ಎಂಬುದನ್ನು ಮಾತ್ರ ಯೋಚಿಸಿ ತೀರ್ಮಾನಿಸಬೇಕು.

ಈಗ ದಾಟುತ್ತಿರುವುದು ಏನು? ವೆಬ್‌ಹುಕ್ ಎಂಬ ವ್ಯವಸ್ಥೆ ಇದೆ. ಒಂದು ತಂತ್ರಾಂಶದಲ್ಲಿ ಏನಾದರೂ ಬದಲಾದ ಕೂಡಲೇ ಅದು ಇನ್ನೊಂದರ ವಿಳಾಸಕ್ಕೆ ತಾನಾಗಿಯೇ ಸಂದೇಶ ಕಳಿಸುತ್ತದೆ. ಹೊಂದಿಸುವುದಕ್ಕೆ ಐದು ನಿಮಿಷವೂ ಬೇಡ. ಅದಕ್ಕಾಗಿಯೇ ಎಲ್ಲರೂ ಮೊದಲು ಮಾಡುವುದು ಅದನ್ನೇ. ಪಟ್ಟಿಯಲ್ಲಿ ಒಂದು ಕೆಲಸದ ನಮೂದು, ಅಂದರೆ ಟಿಕೆಟ್, ತೆರೆದರೆ ಒಂದು ಸಂದೇಶ, ಹೆಸರು ಬದಲಾದರೆ ಒಂದು, ಕಾಮೆಂಟ್ ಬಿದ್ದರೆ ಒಂದು, ‘ಮಾಡಬೇಕಿದೆ’ ಸಾಲಿನಿಂದ ‘ನಡೆಯುತ್ತಿದೆ’ ಸಾಲಿಗೆ ಸರಿದರೆ ಇನ್ನೊಂದು. ಮೊದಲ ವಾರ ಎಲ್ಲರೂ ಓದುತ್ತಾರೆ. ಆಮೇಲೆ ಆ ಚಾನೆಲ್ ಅನ್ನು ಮ್ಯೂಟ್ ಮಾಡುತ್ತಾರೆ. ಒಂದು ತಿಂಗಳ ಬಳಿಕ ನಿಜಕ್ಕೂ ಮುಖ್ಯವಾದ ಸೂಚನೆಯೊಂದು ಅದೇ ಚಾನೆಲ್‌ಗೆ ಬಂದು ಬೀಳುತ್ತದೆ, ಯಾರೂ ನೋಡುವುದಿಲ್ಲ. ಆಸ್ಪತ್ರೆಗಳ ಜಗತ್ತು ಈ ಪಾಠವನ್ನು ಪ್ರಾಣ ತೆತ್ತು ಕಲಿತಿದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗಳಿಗೆ ಸಂಬಂಧಿಸಿದ 98 ಗಂಭೀರ ಘಟನೆಗಳು ವರದಿಯಾಗಿದ್ದವು, ಅವುಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡಿದ್ದವು. ಒಂದು ಮುಖ್ಯ ಕಾರಣ, ಏನೂ ಮಾಡಬೇಕಿಲ್ಲದ ಅಲಾರಂಗಳ ಮಹಾಪೂರದಲ್ಲಿ ಸಿಬ್ಬಂದಿಯ ಕಿವಿ ಮರಗಟ್ಟಿದ್ದು. ಸಾಫ್ಟ್‌ವೇರ್ ಕಚೇರಿಯಲ್ಲಿ ಯಾರೂ ಸಾಯುವುದಿಲ್ಲ, ಸರಿ. ಮನುಷ್ಯನ ಗಮನದ ಸ್ವಭಾವವಂತೂ ಎರಡೂ ಕಡೆ ಒಂದೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರ ಫಲಿತಾಂಶ ತೋರಿಸಿತು: ಆಗಾಗ್ಗೆ ಅಡ್ಡಿಗೆ ಒಳಗಾದವರು ಕೆಲಸವನ್ನು ಬೇಗ ಮುಗಿಸಿದರು, ಆದರೆ ಒತ್ತಡ, ಹತಾಶೆ, ಆತುರ ಎಲ್ಲವೂ ಅವರಲ್ಲಿ ಹೆಚ್ಚಿತ್ತು. ಹೊರಗಿನಿಂದ ನೋಡುವ ಮ್ಯಾನೇಜರ್‌ಗೆ ವೇಗವಷ್ಟೇ ಕಾಣುತ್ತದೆ. ಅದರ ಬೆಲೆ ಕೆಲಸಗಾರರ ಮೈಮನಸ್ಸಿನ ಮೇಲೆ ಬೀಳುತ್ತದೆ, ಅದು ಯಾವ ಬೋರ್ಡ್‌ನಲ್ಲೂ ಕಾಣಿಸುವುದಿಲ್ಲ.

ತಾನಾಗಿ ಹರಿಯುವ ಸೂಚನೆಗಳಿಗೆ ಇನ್ನೊಂದು ಅಪಾಯವಿದೆ, ಅದು ಸದ್ದಿಲ್ಲದ್ದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್ ಮೇಲೆ ಅಳಿಸುವ ಆದೇಶ ಕೊಟ್ಟು, ಕಂಪನಿಯ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್‌ನಿಂದ ತರೋಣವೆಂದರೆ ಬ್ಯಾಕಪ್ ಖಾಲಿ. ಬ್ಯಾಕಪ್ ಮಾಡುವ ಸಾಧನದ ಆವೃತ್ತಿಗೂ ಡೇಟಾಬೇಸ್‌ನ ಆವೃತ್ತಿಗೂ ಹೊಂದದೆ ಅದು ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾದಾಗ ಇಮೇಲ್ ಹೋಗುವ ವ್ಯವಸ್ಥೆಯೂ ಇತ್ತು. ಆದರೆ ಆ ಇಮೇಲ್‌ಗಳಿಗೆ ಬೇಕಾದ ದೃಢೀಕರಣ ಇರಲಿಲ್ಲವಾದ್ದರಿಂದ ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಸೂಚನೆ ಬರುತ್ತಿಲ್ಲ, ಹಾಗಾಗಿ ಎಲ್ಲವೂ ಸರಿಯಿದೆ ಎಂದು ಎಲ್ಲರೂ ನಂಬಿದ್ದರು. ಆರು ಗಂಟೆಗಳ ಮಾಹಿತಿ ಮರಳಿ ಬರಲಿಲ್ಲ. ಸುಮಾರು 5,000 ಪ್ರಾಜೆಕ್ಟ್‌ಗಳು, 5,000 ಕಾಮೆಂಟ್‌ಗಳು, 700 ಹೊಸ ಬಳಕೆದಾರರ ಖಾತೆಗಳಿಗೆ ಪೆಟ್ಟು ಬಿತ್ತು. ನನಗೆ ಮೆಚ್ಚುಗೆಯಾಗುವುದು ಆ ಕಂಪನಿ ಆಮೇಲೆ ನಡೆದುಕೊಂಡ ರೀತಿ. ತಪ್ಪು ಮಾಡಿದವರನ್ನು ಬಲಿ ಕೊಡದೆ, ಆದದ್ದನ್ನೆಲ್ಲ ಬಹಿರಂಗವಾಗಿ ಬರೆದು, ಮಾಡಬೇಕಾದ ಪ್ರತಿ ದುರಸ್ತಿಗೂ ಸಂಖ್ಯೆಯಿರುವ ಟಿಕೆಟ್ ತೆರೆದು ಲೋಕಕ್ಕೆ ತೋರಿಸಿತು. ಅದೇ ಕಂಪನಿಯ ಕೈಪಿಡಿಯಲ್ಲಿ ಇನ್ನೊಂದು ನಿಯಮವಿದೆ: ಸ್ಲ್ಯಾಕ್‌ನ ಸಂದೇಶಗಳನ್ನು 90 ದಿನಗಳ ಮೇಲೆ ಇಟ್ಟುಕೊಳ್ಳುವುದಿಲ್ಲ. ಉಳಿಯಬೇಕಾದದ್ದು ಟಿಕೆಟ್‌ಗೆ ಹೋಗಲೇಬೇಕು ಎಂಬ ಶಿಸ್ತು ಅದರಿಂದ ತಾನಾಗಿ ಬರುತ್ತದೆ. ಇದು ಕಠಿಣ ಕ್ರಮ ಎನ್ನಿಸಬಹುದು. ಆದರೆ ಸ್ಲ್ಯಾಕ್‌ನ ಉಚಿತ ಯೋಜನೆ ಬಳಸುವ ಸಣ್ಣ ಕಂಪನಿಗಳಿಗೆ 2022ರ ಸೆಪ್ಟೆಂಬರ್‌ನಿಂದ ಹೇಗೂ ಕಳೆದ 90 ದಿನಗಳ ಮಾತಷ್ಟೇ ಕಾಣುತ್ತದೆ. ಗಿಟ್‌ಲ್ಯಾಬ್‌ನವರು ಯೋಚಿಸಿ ಹಾಕಿಕೊಂಡ ಗಡುವು ಇವರ ಮೇಲೆ ಹೊರಗಿನಿಂದ ಬಂದಿದೆ. ಮೊದಲಿನವರಲ್ಲಿ ದಾಖಲೆ ಇದೆ, ಎರಡನೆಯವರ ಎಷ್ಟೋ ತೀರ್ಮಾನಗಳು ಮರೆಗೆ ಸರಿದಿವೆ.

ಹಳೆಯ ಚಾಟ್ ಇದ್ದರೆ ಹುಡುಕಿ ತೆಗೆಯಬಹುದಲ್ಲ ಎನ್ನುವವರು ಕನ್ನಡಿಗರ ಚಾಟ್ ಒಮ್ಮೆ ತೆರೆದು ನೋಡಲಿ. ನಮ್ಮ ಕಚೇರಿಗಳ ಮಾತು ಅರ್ಧ ಇಂಗ್ಲಿಷ್, ಅರ್ಧ ಇಂಗ್ಲಿಷ್ ಅಕ್ಷರದ ಕನ್ನಡ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಟೈಪಿಸುತ್ತಾರೆ, ಅದರ ನಡುವೆ ತಮಿಳು, ತೆಲುಗು, ಹಿಂದಿಯೂ ಸೇರುತ್ತವೆ, ಧ್ವನಿ ಸಂದೇಶಗಳೂ ಇರುತ್ತವೆ. ಆರು ತಿಂಗಳ ಹಿಂದೆ ಆ ಫೀಚರ್ ಬೇಡವೆಂದು ಯಾಕೆ ತೀರ್ಮಾನಿಸಿದೆವು ಎಂದು ಹುಡುಕಲು ಹೊರಟರೆ ಯಾವ ಪದ ಕೊಟ್ಟು ಹುಡುಕಬೇಕೆಂಬುದೇ ಹೊಳೆಯುವುದಿಲ್ಲ. ಟಿಕೆಟ್‌ಗೆ ಒಂದು ತಲೆಬರಹವಿರುತ್ತದೆ, ಸಂಖ್ಯೆಯಿರುತ್ತದೆ, ದಿನಾಂಕವಿರುತ್ತದೆ, ಹುಡುಕಿದರೆ ಸಿಗುತ್ತದೆ. ಆದ್ದರಿಂದ ಮಾತಿನಿಂದ ದಾಖಲೆಗೆ ಹೋಗುವ ದಾರಿ ನಮಗೆ ಇತರರಿಗಿಂತ ಹೆಚ್ಚು ಬೇಕು. ತಂತ್ರಾಂಶದಲ್ಲಿ ಅದು ಕಷ್ಟವೂ ಅಲ್ಲ. ಸಂದೇಶದ ಪಕ್ಕದ ಚುಕ್ಕೆಗಳನ್ನು ಒತ್ತಿ ಅದರಿಂದಲೇ ಟಿಕೆಟ್ ತೆರೆಯುವ ಸೌಲಭ್ಯ ಸ್ಲ್ಯಾಕ್ ಮತ್ತು ಜಿರಾ ಜೋಡಣೆಯಲ್ಲಿದೆ, ಇತರ ಜೋಡಿಗಳಲ್ಲೂ ಇದೆ. ಮೇಲಿನ ಪೇಮೆಂಟ್ ದೂರಿಗೆ ‘ನೋಡ್ತೀನಿ’ ಎಂದವರು ಆ ಕ್ಷಣದಲ್ಲೇ ಅದನ್ನು ಒತ್ತಿ, ತಮ್ಮ ಹೆಸರು ಹಾಕಿ, ‘ನಾಳೆ ಸಂಜೆಯೊಳಗೆ’ ಎಂದು ಗುರುತಿಸಿದ್ದರೆ ಅರ್ಧ ನಿಮಿಷದ ಕೆಲಸ. ಟಿಕೆಟ್‌ನ ಕೊಂಡಿ ಅದೇ ಸಂದೇಶದ ಕೆಳಗೆ ಬಂದು ಕೂರುತ್ತಿತ್ತು. ಹೆಬ್ಬೆರಳು ಒತ್ತಿದವರಿಗೂ ಇದು ಯಾರ ಕೈಯಲ್ಲಿದೆ ಎಂಬುದು ತಿಳಿಯುತ್ತಿತ್ತು. ದಾಖಲೆಯಿಂದ ಚಾಟ್‌ಗೆ ಮರಳಿ ಬರಬೇಕಾದ ಸಂದೇಶಗಳು ಎರಡೇ: ಕೆಲಸ ಮುಗಿಯಿತು, ಇಲ್ಲವೇ ಗಡುವು ಮೀರುತ್ತಿದೆ. ಉಳಿದದ್ದು ಬೇಕಾದವರು ಟಿಕೆಟ್ ತೆರೆದು ನೋಡಿಕೊಳ್ಳಲಿ.

ಇದನ್ನೆಲ್ಲ ಸಿಲಿಕಾನ್ ವ್ಯಾಲಿಯ ಹೊಸ ಶೋಧ ಎಂದುಕೊಳ್ಳಬೇಕಾಗಿಲ್ಲ. ನಮ್ಮ ಆಡಳಿತ ಈ ತತ್ವವನ್ನು ಬಹಳ ಹಿಂದೆಯೇ ಬರೆದಿಟ್ಟಿದೆ. 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಅನಿವಾರ್ಯವಾಗಿ ಬಾಯಿಮಾತಿನಲ್ಲಿ ಕೊಟ್ಟರೆ ಆದಷ್ಟು ಬೇಗ ಅದನ್ನು ಬರಹದಲ್ಲಿ ದೃಢಪಡಿಸಬೇಕು. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು: ಅಧಿಕಾರಿಗಳು ಮೌಖಿಕ ಆದೇಶದ ಮೇಲೆ ಕೆಲಸ ಮಾಡಬಾರದು, ಸೂಚನೆ ದಾಖಲಾಗಬೇಕು, ಇಲ್ಲದಿದ್ದರೆ ಹೊಣೆಗಾರಿಕೆಯೂ ಇರುವುದಿಲ್ಲ, ಅಧಿಕಾರಿಗೆ ರಕ್ಷಣೆಯೂ ಇರುವುದಿಲ್ಲ. ಚಾಟ್ ಎಂಬುದು ಬೆರಳಿನಿಂದ ಆಡುವ ಬಾಯಿಮಾತು. ಅಕ್ಷರದಲ್ಲಿದೆ ಎಂಬ ಕಾರಣಕ್ಕೆ ಅದು ದಾಖಲೆಯಾಗಿಬಿಡುವುದಿಲ್ಲ. ವಿಪರ್ಯಾಸವೆಂದರೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಇ-ಆಫೀಸ್‌ನಲ್ಲಿ ಕಡತ ಚಲಿಸುವ ಸರ್ಕಾರಿ ಕಚೇರಿಗಳಲ್ಲೂ ತುರ್ತು ಸೂಚನೆಗಳು ಹರಿದಾಡುವುದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಗ್ರಾಮ ಪಂಚಾಯಿತಿಯ ಪಿಡಿಒಗೆ ‘ಇವತ್ತೇ ವರದಿ ಕಳಿಸಿ’ ಎಂಬ ಸಂದೇಶ ಅಲ್ಲಿ ಬರುತ್ತದೆ, ಕಡತದಲ್ಲಿ ಅದರ ಸುಳಿವೇ ಇರುವುದಿಲ್ಲ. ನಾಳೆ ಆ ವರದಿಯ ಬಗ್ಗೆ ಪ್ರಶ್ನೆ ಬಂದರೆ ಯಾರು ಕೇಳಿದ್ದರು, ಯಾಕೆ ಕೇಳಿದ್ದರು ಎಂದು ತೋರಿಸಲು ಕೆಳಗಿನ ನೌಕರರ ಬಳಿ ಉಳಿಯುವುದು ಮೊಬೈಲ್‌ನ ಒಂದು ಸ್ಕ್ರೀನ್‌ಶಾಟ್. ಖಾಸಗಿ ವಲಯ ಇದಕ್ಕೆ ದಂಡವನ್ನೂ ತೆತ್ತಿದೆ. ನೌಕರರು ವ್ಯವಹಾರದ ಮಾತನ್ನು ಖಾಸಗಿ ಮೆಸೇಜ್ ಆ್ಯಪ್‌ಗಳಲ್ಲಿ ನಡೆಸಿ ದಾಖಲೆ ಇಡದ ತಪ್ಪಿಗೆ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ವಾಲ್ ಸ್ಟ್ರೀಟ್‌ನ 16 ಸಂಸ್ಥೆಗಳಿಗೆ ಒಟ್ಟು 110 ಕೋಟಿ ಡಾಲರ್‌ಗೂ ಹೆಚ್ಚು ದಂಡ ಹಾಕಿತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಹೀಗೆ ಮಾಡಿದರೆ ಕಚೇರಿ ಪೂರ್ತಿ ಕಡತವಾಗಿಬಿಡುತ್ತದೆ ಎಂಬುದು. ಒಂದು ಸಾಲು ಬದಲಿಸಲೂ ಟಿಕೆಟ್, ಒಂದು ಪ್ರಶ್ನೆ ಕೇಳಲೂ ಟಿಕೆಟ್ ಎಂದಾದರೆ ಕೆಲಸಕ್ಕಿಂತ ಕೆಲಸದ ಲೆಕ್ಕ ಬರೆಯುವುದೇ ಹೆಚ್ಚಾಗುತ್ತದೆ. ಈ ಭಯಕ್ಕೆ ಆಧಾರವಿದೆ. ಇಪ್ಪತ್ತು ಕಾಲಂ ತುಂಬಿಸದೆ ಟಿಕೆಟ್ ತೆರೆಯಲು ಬಿಡದ ಕಚೇರಿಗಳಿವೆ, ಅಲ್ಲಿ ಜನ ಚಾಟ್‌ಗೆ ಓಡಿಹೋಗುವುದು ಸಹಜ. ನಾನು ಹೇಳುವುದು ಎಲ್ಲ ಮಾತನ್ನೂ ದಾಖಲಿಸಿ ಎಂದಲ್ಲ. ಒಬ್ಬರು ಇನ್ನೊಬ್ಬರಿಗೆ ಮಾತು ಕೊಟ್ಟಾಗ, ಇಲ್ಲವೇ ತಂಡ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡಾಗ ಮಾತ್ರ ಅದು ದಾಟಬೇಕು. ಅದಕ್ಕೆ ಏನು, ಯಾರು, ಯಾವಾಗ ಎಂಬ ಮೂರು ವಿವರ ಮತ್ತು ಯಾಕೆ ಎಂಬ ಒಂದು ಸಾಲು ಸಾಕು. ಚಾಟ್‌ನ ಮಾತುಕತೆಯನ್ನು ಪೂರ್ತಿ ನಕಲಿಸಿ ಟಿಕೆಟ್‌ಗೆ ಸುರಿಯುವ ಜೋಡಣೆಗಳೂ ಇವೆ, ಅವನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಎಲ್ಲವೂ ಇದ್ದರೆ ಎರಡೂ ಕಡೆ ಯಾರೂ ಓದುವುದಿಲ್ಲ. ಜೊತೆಗೆ, ಎಲ್ಲರೂ ನೋಡಬಾರದ ಟಿಕೆಟ್‌ನ ತಲೆಬರಹ ಎಲ್ಲರೂ ಇರುವ ಚಾನೆಲ್‌ನಲ್ಲಿ ಬಯಲಾಗುವ ಅಪಾಯವಿದೆ. ಯಾರನ್ನೋ ಕೆಲಸದಿಂದ ತೆಗೆಯುವ ವಿಷಯ, ಇನ್ನೂ ಮುಚ್ಚದ ಭದ್ರತಾ ಲೋಪ, ಇಂಥವು ಒಂದು ತಪ್ಪು ಹೊಂದಿಕೆಯಿಂದ ನೂರು ಜನರ ಕಣ್ಣಿಗೆ ಬೀಳಬಹುದು.

ಎರಡನೆಯ ಆಕ್ಷೇಪ ಹೊಸದು. ಕೃತಕ ಬುದ್ಧಿಮತ್ತೆ ಬಂದಿದೆ, ಚಾಟ್ ಪೂರ್ತಿ ಓದಿ ಯಾರು ಏನು ಒಪ್ಪಿಕೊಂಡರು ಎಂದು ಅದೇ ಪಟ್ಟಿ ಮಾಡುತ್ತದೆ, ಮನುಷ್ಯರು ಯಾಕೆ ಒದ್ದಾಡಬೇಕು ಎಂಬುದು. ಸಾರಾಂಶ ಮಾಡುವುದರಲ್ಲಿ ಅದು ನಿಜಕ್ಕೂ ನೆರವಾಗುತ್ತದೆ, ಟಿಕೆಟ್‌ನ ಕರಡನ್ನು ಅದೇ ಬರೆದುಕೊಟ್ಟರೆ ಒಳ್ಳೆಯದೇ. ಆದರೆ ಮಾತು ಕೊಡುವುದು ಒಂದು ಕ್ರಿಯೆ, ಅದನ್ನು ಇನ್ನೊಬ್ಬರ ಪರವಾಗಿ ಯಂತ್ರ ಮಾಡಲಾಗದು. ‘ನೋಡ್ತೀನಿ’ ಎಂಬ ಮಾತನ್ನು ಯಂತ್ರ ‘ಇವರು ಗುರುವಾರದೊಳಗೆ ಸರಿಪಡಿಸುತ್ತಾರೆ’ ಎಂದು ಬರೆದುಬಿಟ್ಟರೆ, ಹೇಳಿದವರಿಗೇ ತಿಳಿಯದ ಹೊಣೆಯೊಂದು ಅವರ ತಲೆಯ ಮೇಲೆ ಬೀಳುತ್ತದೆ. ನಮ್ಮ ಕಚೇರಿಗಳಲ್ಲಿ ಕಿರಿಯರು ‘ಆಗಲ್ಲ ಸರ್’ ಎನ್ನುವುದು ಕಷ್ಟ. ‘ಟ್ರೈ ಮಾಡ್ತೀನಿ ಸರ್’ ಎನ್ನುತ್ತಾರೆ. ಅದರಲ್ಲಿ ಎಷ್ಟೋ ಸಲ ಆಗುವುದಿಲ್ಲ ಎಂಬ ಅರ್ಥವೇ ಇರುತ್ತದೆ, ಅದು ಕೇಳಿದವರಿಗೂ ಗೊತ್ತಿರುತ್ತದೆ. ಯಂತ್ರ ಅದನ್ನು ಒಪ್ಪಿಗೆ ಎಂದೇ ಓದುವ ಸಾಧ್ಯತೆ ಇದೆ. ಕರಡು ಯಂತ್ರದ್ದಾಗಲಿ, ‘ಒಪ್ಪಿದೆ’ ಎಂಬ ಗುಂಡಿಯನ್ನು ಕೆಲಸ ಮಾಡಬೇಕಾದವರೇ ಒತ್ತಲಿ.

ಮೂರನೆಯ ಆಕ್ಷೇಪವೇ ನನಗೆ ಅತ್ಯಂತ ತೂಕದ್ದಾಗಿ ಕಾಣುವುದು. ಎಲ್ಲವೂ ಹೆಸರು, ಗಡುವುಗಳ ಜೊತೆ ದಾಖಲಾದರೆ ಅದು ಕೆಲಸಗಾರರ ಮೇಲಿನ ಕಾವಲಾಗುತ್ತದೆ, ಯಾರು ಎಷ್ಟು ಟಿಕೆಟ್ ಮುಗಿಸಿದರು ಎಂದು ಎಣಿಸಿ ಸಂಬಳ ಏರಿಸುವ, ಇಳಿಸುವ ಸಾಧನವಾಗುತ್ತದೆ ಎಂಬ ಆತಂಕ. ಇದು ಕಲ್ಪನೆಯಲ್ಲ. 2024ರ ಜುಲೈನಲ್ಲಿ ಐಟಿ ವಲಯದ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಕರ್ನಾಟಕದಲ್ಲಿ ಚರ್ಚೆಗೆ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿದದ್ದು ನೆನಪಿರಬೇಕು. ಅಂಥ ವಾತಾವರಣದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಅಳತೆಗೋಲು ಭಯ ಹುಟ್ಟಿಸುವುದು ಸಹಜ. ಟಿಕೆಟ್‌ನ ಎಣಿಕೆಯಿಂದ ಮನುಷ್ಯರ ಯೋಗ್ಯತೆ ಅಳೆಯುವುದು ಅನ್ಯಾಯ, ಅದರ ಜೊತೆಗೆ ಮೂರ್ಖತನವೂ ಹೌದು. ದಿನವಿಡೀ ಕೂತು ಒಂದು ಕಠಿಣ ದೋಷ ಬಿಡಿಸಿದವರಿಗೆ ಒಂದು ಅಂಕ, ಹತ್ತು ಕಾಗುಣಿತ ತಿದ್ದಿದವರಿಗೆ ಹತ್ತು ಅಂಕ ಸಿಗುತ್ತದೆ. ಜೋಡಣೆ ಜಾರಿಗೆ ಬರುವ ದಿನವೇ ಈ ಲೆಕ್ಕವನ್ನು ಸಂಬಳಕ್ಕೆ, ಬಡ್ತಿಗೆ ಬಳಸುವುದಿಲ್ಲ ಎಂದು ಆಡಳಿತ ಲಿಖಿತವಾಗಿ ಹೇಳಬೇಕು. ಅದನ್ನು ಹೇಳಲು ಒಪ್ಪದ ಕಂಪನಿಯಲ್ಲಿ ನೌಕರರು ವಿರೋಧಿಸಿದರೆ ನಾನು ನೌಕರರ ಪರ.

ಇಷ್ಟು ಹೇಳಿದ ಮೇಲೂ ದಾಖಲೆಯಿಲ್ಲದ ಸ್ಥಿತಿ ಕೆಲಸಗಾರರಿಗೆ ಅನುಕೂಲ ಎಂಬುದನ್ನು ನಾನು ಒಪ್ಪಲಾರೆ. ರಾತ್ರಿ ಹತ್ತೂವರೆಗೆ ಕ್ಯಾಲಿಫೋರ್ನಿಯಾದಿಂದ ‘ಇದೊಂದು ಸಣ್ಣ ಬದಲಾವಣೆ ಮಾಡಿಬಿಡಿ’ ಎಂಬ ಸಂದೇಶ ಬೆಂಗಳೂರಿನ ಎಂಜಿನಿಯರ್‌ಗೆ ಬರುತ್ತದೆ. ಆಕೆ ಮಾಡುತ್ತಾಳೆ. ಆ ರಾತ್ರಿಯ ಎರಡು ಗಂಟೆ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ಅದರಿಂದ ಬೇರೇನೋ ಕೆಟ್ಟರೆ ‘ಯಾರು ಮಾಡಲು ಹೇಳಿದ್ದು’ ಎಂಬ ಪ್ರಶ್ನೆ ಬರುವುದು ಮಾತ್ರ ಆಕೆಯ ಕಡೆಗೇ. ಕೇಳಿದವರೇ ಟಿಕೆಟ್ ತೆರೆದು ಕೇಳಬೇಕೆಂಬ ನಿಯಮವಿದ್ದರೆ ಎಷ್ಟೋ ‘ಸಣ್ಣ ಬದಲಾವಣೆ’ಗಳು ಮರುದಿನದ ತನಕ ಕಾಯಬಲ್ಲವು ಎಂಬುದು ಕೇಳುವವರಿಗೇ ಅರಿವಾಗುತ್ತದೆ. ನಿಜಕ್ಕೂ ಕಾಯಲಾಗದ ಸಂಗತಿಗಳೂ ಇವೆ. ಸೈಬರ್ ದಾಳಿಯನ್ನು ಗಮನಿಸಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಗಮನಕ್ಕೆ ಬಂದದ್ದು ಯಾವಾಗ ಎಂಬುದೇ ಅಲ್ಲಿ ಮುಖ್ಯ. ರಾತ್ರಿ ಎರಡಕ್ಕೆ ಚಾಟ್‌ನಲ್ಲಿ ಬಿದ್ದ ‘ಏನೋ ವಿಚಿತ್ರವಾಗಿದೆ ನೋಡಿ’ ಎಂಬ ಸಾಲು ಬೆಳಗ್ಗೆ ಒಂಬತ್ತಕ್ಕೆ ಎಲ್ಲರ ಕಣ್ಣಿಗೆ ಬೀಳುವಷ್ಟರಲ್ಲಿ ಆ ಆರು ಗಂಟೆ ಕಳೆದಿರುತ್ತದೆ.

ಇನ್ನು ಜೋಡಣೆಯ ಯಜಮಾನಿಕೆಯ ವಿಷಯ. ಚುರುಕಾದ ಒಬ್ಬರು ಒಂದು ಮಧ್ಯಾಹ್ನ ಕೂತು ತಮ್ಮದೇ ಖಾತೆಯಿಂದ ಎರಡೂ ತಂತ್ರಾಂಶಗಳನ್ನು ಬೆಸೆಯುತ್ತಾರೆ. ಎರಡು ವರ್ಷದ ಮೇಲೆ ಅವರು ಬೇರೆ ಕಂಪನಿಗೆ ಹೋಗುತ್ತಾರೆ, ಅವರ ಖಾತೆ ಮುಚ್ಚುತ್ತದೆ, ಬೆಸುಗೆಯೂ ಬಿಡುತ್ತದೆ. ಯಾರಿಗೂ ತಿಳಿಯುವುದಿಲ್ಲ, ಗಿಟ್‌ಲ್ಯಾಬ್‌ನ ಇಮೇಲ್‌ಗಳ ಹಾಗೆ ಮೌನವೇ ಕ್ಷೇಮ ಸಮಾಚಾರವಾಗಿ ಕೇಳಿಸುತ್ತದೆ. ಬೆಸುಗೆ ಕಂಪನಿಯ ಖಾತೆಯ ಹೆಸರಿನಲ್ಲಿರಬೇಕು, ಅದನ್ನು ನೋಡಿಕೊಳ್ಳುವುದು ಒಬ್ಬರ ಹೆಸರಿನ ಟಿಕೆಟ್ ಆಗಿರಬೇಕು, ವಾರಕ್ಕೊಮ್ಮೆ ಸುಳ್ಳು ಟಿಕೆಟ್ ಒಂದನ್ನು ತೆರೆದು ಸಂದೇಶ ಬರುತ್ತದೆಯೇ ಎಂದು ನೋಡಬೇಕು.

ಜಿರಾ, ಸ್ಲ್ಯಾಕ್ ಇಲ್ಲದವರಿಗೆ ಇದರಲ್ಲೇನಿದೆ ಎಂದು ಕೇಳಬಹುದು. ಕಟ್ಟಡದ ಕಂಟ್ರಾಕ್ಟರ್, ಕೇಟರಿಂಗ್‌ನವರು, ಪ್ರಿಂಟಿಂಗ್ ಪ್ರೆಸ್, ಶಾಲೆಯ ಆಡಳಿತ ಮಂಡಳಿ, ಎಲ್ಲರ ಕೆಲಸವೂ ಈಗ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ನಡೆಯುತ್ತದೆ. ಅವರಿಗೆ ದುಬಾರಿ ತಂತ್ರಾಂಶ ಬೇಕಿಲ್ಲ. ಎಲ್ಲರೂ ನೋಡಬಹುದಾದ ಒಂದು ಗೂಗಲ್ ಶೀಟ್, ಅದೂ ಬೇಡವೆಂದರೆ ಮೇಜಿನ ಮೇಲಿನ ಒಂದು ರಿಜಿಸ್ಟರ್, ಪ್ರತಿ ಕೆಲಸಕ್ಕೂ ಒಂದು ಕ್ರಮಸಂಖ್ಯೆ, ಆ ಸಂಖ್ಯೆಯನ್ನು ಗ್ರೂಪಿನಲ್ಲಿ ಉತ್ತರವಾಗಿ ಹಾಕುವ ಅಭ್ಯಾಸ, ಇಷ್ಟಾದರೆ ಸಾಕು. ಸಂಖ್ಯೆಯೊಂದರ ಬಲವನ್ನು ಈ ರಾಜ್ಯ ಆಗಲೇ ಕಂಡಿದೆ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಾಗ ಅರ್ಜಿದಾರರ ಕೈಗೆ ಬಂದದ್ದು 15 ಅಂಕಿಗಳ ಒಂದು ಸಂಖ್ಯೆ ಮತ್ತು ಒಂದು ದಿನಾಂಕ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಎಂಬ ಮೊತ್ತ ಸಣ್ಣದೇ. ಆದರೆ ‘ನಾಳೆ ಬನ್ನಿ’ ಎಂಬ ಬಾಯಿಮಾತಿಗೆ ಎದುರಾಗಿ ಹಿಡಿಯಲು ಜನರ ಬಳಿ ಏನೋ ಒಂದು ಬಂತು. ಅದೇ ಸರ್ಕಾರ ತನ್ನ ನೌಕರರಿಗೆ ಗ್ರೂಪಿನಲ್ಲಿ ಕಳಿಸುವ ಆದೇಶಕ್ಕೆ ಇ-ಆಫೀಸ್ ಕಡತದ ಸಂಖ್ಯೆಯನ್ನು ಕಡ್ಡಾಯ ಮಾಡಲು ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು. ಸಂಖ್ಯೆಯಿಲ್ಲದ ಸೂಚನೆಯನ್ನು ಪಾಲಿಸದ ನೌಕರರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ ಎಂಬ ಸಾಲೂ ಆ ಸುತ್ತೋಲೆಯಲ್ಲಿ ಇರಬೇಕು.